ತೊಟ್ಟಿಲಲ್ಲಿ ಮೊದಲು ಮಲಗಿದ ಗುಂಡಣ್ಣ

ನಮ್ಮ ಮನೆಯ ನಡುಕೋಣೆಯ ತಾರಸಿಯಲ್ಲಿ ಒಂದು ಕಬ್ಬಿಣದ ಕೊಂಡಿ ಇದೆ. ಈಗ ಅದಕ್ಕೆ ಏನನ್ನೂ ನೇತುಹಾಕಿಲ್ಲ. ಮಧ್ಯಾಹ್ನ ಕರೆಂಟು ಹೋದಾಗ ನಾನು ನೆಲದ ಮೇಲೆ ಚಾಪೆ ಹಾಸಿಕೊಂಡು ಅಂಗಾತ ಮಲಗುತ್ತೇನೆ. ಆಗ ಕಣ್ಣಿಗೆ ನೇರವಾಗಿ ಸಿಗುವುದು ಅದೊಂದೇ. ಸುಮ್ಮನೆ ನೋಡುತ್ತಾ ಇದ್ದರೆ ಕೊಂಡಿ ಮೆಲ್ಲಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗಿದಂತೆ ಕಾಣುತ್ತದೆ. ಕಾಂಕ್ರೀಟಿನೊಳಗೆ ಹೂತ ಕಬ್ಬಿಣ ತೂಗುವುದಿಲ್ಲ, ತೂಗುತ್ತಿರುವುದು ನನ್ನ ರೆಪ್ಪೆ. ಆದ್ದರಿಂದಲೇ ‘ತೂಗಿದಂತೆ ಕಾಣುತ್ತದೆ’ ಎಂದು ಬರೆದೆ, ‘ತೂಗುತ್ತದೆ’ ಎಂದು ಬರೆಯಲಿಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಕೂತು ಬಂದ ಚಾಳಿ ಇದು. ಕನಸಿಗೂ ‘ಎನ್ನಲಾಗಿದೆ’ ಸೇರಿಸುವಷ್ಟು ಕೆಟ್ಟಿದ್ದೇನೆ ಎಂದು ನನ್ನ ಹೆಂಡತಿ ಗಿರಿಜ ಹೇಳುತ್ತಾಳೆ.

ತುಮಕೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ನನ್ನ ಕೆಲಸ. ಅದು ಸಂಜೆಗೆ ಶುರುವಾಗುವುದರಿಂದ ಮಧ್ಯಾಹ್ನಗಳೆಲ್ಲ ನನ್ನವೇ. ಮೊನ್ನೆ ಹೀಗೇ ಬಿದ್ದುಕೊಂಡಿದ್ದಾಗ ಮಗಳು ಸಹನಾ ಸ್ಕೂಲಿಂದ ಬಂದು ಬ್ಯಾಗು ಎಸೆದು ಪಕ್ಕದಲ್ಲಿ ಮಲಗಿಕೊಂಡು ಕೇಳಿದಳು:

“ಅಪ್ಪಾ, ಆ ಹುಕ್ಕಿಗೆ ಲವ್ ಬರ್ಡ್ಸ್ ಪಂಜರ ಹಾಕೋಣ್ವಾ?”

“ಅದು ಹುಕ್ಕಲ್ಲ ಕಣೇ, ಕೊಂಡಿ.”

“ಎರಡೂ ಒಂದೇ ಅಲ್ವಾ?”

ಒಂದೇ ಅಲ್ಲ. ಹುಕ್ಕಿಗೆ ಫ್ಯಾನು ಹಾಕುತ್ತಾರೆ, ಕೊಂಡಿಗೆ ತೊಟ್ಟಿಲು ಕಟ್ಟುತ್ತಾರೆ. ಈ ಎರಡು ಪದಗಳ ನಡುವಿನ ಗೊಂದಲದಲ್ಲಿ ನಾನು ಒಂದು ಕಾಲದಲ್ಲಿ ಬಹಳ ದಿನ ಸಿಕ್ಕಿಬಿದ್ದಿದ್ದೆ.

ತುಮಕೂರಿನ ಸದಾಶಿವನಗರದ ಈ ಮನೆ ಕಟ್ಟಿಸುವಾಗ ತೊಂಬತ್ತರ ದಶಕ ಅರ್ಧ ದಾಟಿತ್ತು. ನನಗಿನ್ನೂ ಮದುವೆಯಾಗಿರಲಿಲ್ಲ, ಹುಡುಗಿಯೂ ಗೊತ್ತಾಗಿರಲಿಲ್ಲ. ತಾರಸಿಗೆ ಕಾಂಕ್ರೀಟು ಸುರಿದು ಮೋಲ್ಡ್ ಹಾಕುವ ದಿನ ಅವ್ವ ಕುಣಿಗಲ್ ತಾಲ್ಲೂಕಿನ ನಮ್ಮೂರು ಕೊತ್ತಗೆರೆಯಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು. ಮೋಲ್ಡ್ ಹಾಕುವ ದಿನದ ಗಲಾಟೆ ನಿಮಗೂ ಗೊತ್ತಿರುತ್ತದೆ. ಮಿಕ್ಸರಿನ ಗಡಗಡ, ಕೈಯಿಂದ ಕೈಗೆ ಹೋಗುವ ಬಾಣಲೆಗಳು, ಅರ್ಧಕ್ಕೇ ಆರಿದ ಟೀ. ಅವ್ವ ಏಣಿ ಹತ್ತಿ, ಹೆಣೆದ ಕಂಬಿಗಳ ಮೇಲೆ ಕಾಲಿಡದೆ ಅಂಚಿನಲ್ಲೇ ನಿಂತು, ಮೇಸ್ತ್ರಿಗೆ ಹೇಳಿದಳು:

“ಅಪ್ಪಾ ಮೇಸ್ತ್ರಿ, ನಡುಕೋಣೆಗೆ ಒಂದು ಕೊಂಡಿ ಬುಡು.”

ಮೇಸ್ತ್ರಿ ನನ್ನ ಕಡೆ ನೋಡಿದ. ಬಾಣಲೆ ಹಿಡಿದ ಹೆಂಗಸರೂ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಅವಸರದಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಫ್ಯಾನಿಗೆ, ಫ್ಯಾನಿಗೆ.”

“ಫ್ಯಾನಿಗೆ ಆಗ್ಲೇ ಬಿಟ್ಟಿದೀವಲ್ಲ ಸಾರ್.”

“ಇದು ಇನ್ನೊಂದು ಫ್ಯಾನಿಗೆ.”

“ಒಂದೇ ರೂಮಿಗೆ ಎರಡು ಫ್ಯಾನಾ! ಅಷ್ಟು ಸೆಕೆನಾ ಸಾರ್ ನಿಮಗೆ? ಹಂಗಿದ್ರೆ ಬೇಗ ಮದುವೆ ಮಾಡ್ಕೊಬುಡಿ.”

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಯಾರೋ ಒಂದು ಕಂಬಿ ಬಗ್ಗಿಸಿ ಕಟ್ಟಿದರು. ಅದು ಫ್ಯಾನಿಗೆಂದು ಬಗ್ಗಿಸಿದ ತೆಳ್ಳನೆ ಕಂಬಿಯೋ, ಅವ್ವನ ಮಾತು ಅರ್ಥ ಮಾಡಿಕೊಂಡು ಬಗ್ಗಿಸಿದ ದಪ್ಪನೆ ಕಂಬಿಯೋ, ನಾನು ನೋಡಲಿಲ್ಲ. ನಾಚಿಕೆಯಿಂದ ರಸ್ತೆಯ ಕಡೆ ತಿರುಗಿದ್ದೆ. ತಿರುಗಿ ನೋಡುವಷ್ಟರಲ್ಲಿ ಕಾಂಕ್ರೀಟು ಅದನ್ನು ನುಂಗಿತ್ತು. ಹೊರಗೆ ಉಳಿದದ್ದು ಒಂದು ಬಾಗಿದ ತುದಿ ಮಾತ್ರ. ಆಮೇಲೆ ಸುಣ್ಣ, ಅದರ ಮೇಲೆ ಬಣ್ಣ ಬಳಿದು ಅದೂ ಗುರುತು ಸಿಗದಷ್ಟು ದಪ್ಪಗಾಯಿತು.

ಮದುವೆಯಾಗಿ ಗಿರಿಜ ಗುಬ್ಬಿಯಿಂದ ಈ ಮನೆಗೆ ಬಂದಳು. ಕೊಂಡಿಯನ್ನು ನೋಡಿ ಇದೇನೆಂದು ಕೇಳಿದಳು. “ಫ್ಯಾನಿಗೆ” ಎಂದೆ. ಅವಳು ಅದಕ್ಕೆ ಒಂದು ಮನಿಪ್ಲಾಂಟು ನೇತುಹಾಕಿದಳು. ಅದೂ ಚೆನ್ನಾಗೇ ಬೆಳೆಯಿತು. ಮಾತಿಗೆ ಹೇಳಿದೆ, ಬಿಡಿ.

ಸಹನಾ ಹುಟ್ಟಿದ್ದು ಅವಸರದಲ್ಲಿ. ತಿಂಗಳು ತುಂಬುವ ಮೊದಲೇ ಬಂದುಬಿಟ್ಟಳು. ಎರಡು ಕೇಜಿಯೂ ಇರಲಿಲ್ಲ. ಮೊದಲ ಸಲ ಕೈಗೆ ಕೊಟ್ಟಾಗ ಬಟ್ಟೆಯ ಮಡಿಕೆಯಲ್ಲಿ ಮಗು ಎಲ್ಲಿದೆ ಎಂದು ಹುಡುಕಬೇಕಾಯಿತು. ಬಾಣಂತನಕ್ಕೆ ಗುಬ್ಬಿಗೆ ಹೋಗಬೇಕಾಗಿದ್ದ ಗಿರಿಜ, ಡಾಕ್ಟರಮ್ಮ ಹತ್ತಿರದಲ್ಲೇ ಇರಿ ಎಂದದ್ದರಿಂದ ನಮ್ಮ ಮನೆಗೇ ಬಂದಳು. ಅವ್ವ ಕೊತ್ತಗೆರೆಯಿಂದ ಗಂಟುಮೂಟೆ ಸಮೇತ ಬಂದಿಳಿದಳು.

ಡಾಕ್ಟರಮ್ಮ ಕಡಿಮೆ ಮಾತಿನವರು. ನನಗೆ ಅಂಥವರ ಮಾತು ಬರೆದುಕೊಳ್ಳುವುದು ಸುಲಭ. ಮಗುವನ್ನು ಬೆಚ್ಚಗಿಡಿ, ಆದರೆ ಬೇಯಿಸಬೇಡಿ. ಅಂಗಾತವೇ ಮಲಗಿಸಿ. ಹಾಸಿಗೆ ಸಮತಟ್ಟಾಗಿ ಗಟ್ಟಿಯಾಗಿರಲಿ. ದಿಂಬು ಬೇಡ, ಮುಖದ ಹತ್ತಿರ ಹೊದಿಕೆ ಬೇಡ, ಕೋಣೆಯಲ್ಲಿ ಹೊಗೆ ಬೇಡ. ನಿಮ್ಮ ಹತ್ತಿರವೇ ಮಲಗಲಿ, ನಿಮ್ಮ ಮಂಚದ ಮೇಲಲ್ಲ. ಸೀರೆಯ ಜೋಲಿ ಕಟ್ಟಬೇಡಿ, ಇಷ್ಟು ಸಣ್ಣ ಮಗುವಿನ ಕತ್ತು ಅದರಲ್ಲಿ ಮಡಿಚಿಕೊಳ್ಳುತ್ತದೆ.

ಅವ್ವ ಇದನ್ನೆಲ್ಲ ಕೇಳಿಸಿಕೊಂಡು ತನ್ನ ಗಂಟು ಬಿಚ್ಚಿದಳು. ಒಳಗಿದ್ದದ್ದು ರಾಗಿ ತುಂಬಿ ಹೊಲಿದ ಪುಟ್ಟ ದಿಂಬು, ಉಣ್ಣೆಯ ಟೋಪಿ, ಸಾಂಬ್ರಾಣಿಯ ಪೊಟ್ಟಣ, ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ.

“ಇದ್ರಲ್ಲಿ ಒಂದೂ ಬೇಡ್ವಂತೇನ್ಲಾ?”

“ಬೇಡ್ವಂತೆ ಅವ್ವಾ.”

“ನಿನ್ನ ನಾನು ಬೆಳೆಸ್ಲಿಲ್ವಾ? ಸಾಂಬ್ರಾಣಿ ಹೊಗೇಲೇ ಬೆಳೆದವ್ನು ನೀನು.”

ಒಳಗಿಂದ ಗಿರಿಜ ಹೇಳಿದಳು: “ಅದಕ್ಕೇ ಹಿಂಗಾಗಿರ್ಬೇಕು ಅತ್ತೆ.”

ಅವ್ವನಿಗೆ ನಗು ಬಂತು, ಕೋಪವೂ ಬಂತು. ಗಂಟನ್ನು ಮತ್ತೆ ಕಟ್ಟಿ ಮೂಲೆಗಿಟ್ಟಳು. ಆದರೆ ಆ ಗಂಟು ಮೂಲೆಯಲ್ಲಿ ಸುಮ್ಮನೆ ಕೂರುವಂಥದ್ದಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಮಗು ಎದೆಯ ಮೇಲೆ ಬಿಟ್ಟರೆ ಬೇರೆಲ್ಲೂ ಮಲಗುತ್ತಿರಲಿಲ್ಲ. ಎದೆಯ ಮೇಲಿದ್ದಾಗ ಗಿರಿಜ ಕಣ್ಣು ಮುಚ್ಚುತ್ತಿರಲಿಲ್ಲ. ಪಕ್ಕದಲ್ಲಿ ಮಲಗಿಸಿದರೂ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಾ ಕೂರುತ್ತಿದ್ದಳು. ನಾನು ಎತ್ತಿಕೊಳ್ಳುತ್ತೇನೆ, ನೀನು ಸ್ವಲ್ಪ ಮಲಗು ಎಂದರೆ, ಮಲಗಿದಂತೆ ಮಾಡಿ ರೆಪ್ಪೆಯ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣ ಕೆಳಗೆ ಮಸಿ ಹಚ್ಚಿದಂತಾಗಿತ್ತು. ಮಗುವಿಗೆ ಒಂದು ಜಾಗ ಬೇಕಿತ್ತು. ಗಿರಿಜ ನಂಬಿ ಕಣ್ಣು ಮುಚ್ಚುವಂಥ ಜಾಗ.

ಅಂಥದ್ದೊಂದು ತೊಟ್ಟಿಲು ಅವಳ ದೊಡ್ಡಮ್ಮನ ಮನೆಯಲ್ಲಿ, ಗುಬ್ಬಿಯಲ್ಲಿತ್ತು. ಹಲಸಿನ ಮರದ್ದು, ತಳ ಹಲಗೆಯಷ್ಟು ನೇರ, ನಾಲ್ಕು ಮೂಲೆಗೆ ನಾಲ್ಕು ಮರದ ಗಿಣಿ. ಗಿರಿಜ ಮಲಗಿ ಬೆಳೆದದ್ದೂ ಅದರಲ್ಲೇ. ನಾನು ತರಲು ಹೋದೆ.

ದೊಡ್ಡಮ್ಮ ಅಟ್ಟದಿಂದ ತೊಟ್ಟಿಲು ಇಳಿಸಿ, ಒರೆಸಿ, ಸರಪಳಿಗೆ ಕೊಬ್ಬರಿ ಎಣ್ಣೆ ಹಚ್ಚಿಟ್ಟಿದ್ದರು. ನಾನು ಎತ್ತಿಕೊಳ್ಳಲು ಹೋದಾಗ ತಡೆದರು.

“ತೊಟ್ಲು ಬರಿದಾಗಿ ಹೊಸಿಲು ದಾಟಬಾರ್ದು ಅಳಿಯಂದ್ರೇ. ತಾಳಿ, ಗುಂಡಣ್ಣನ್ನ ಕರ್ಕೊಂಡ್ ಬರ್ತೀನಿ.”

ಗುಂಡಣ್ಣ ಯಾರೋ ಮೊಮ್ಮಗನಿರಬೇಕು ಎಂದುಕೊಂಡು ನಿಂತಿದ್ದೆ. ದೊಡ್ಡಮ್ಮ ಹಿತ್ತಲಿಂದ ಎರಡೂ ಕೈಯಲ್ಲಿ ಅವುಚಿಕೊಂಡು ತಂದದ್ದು ರುಬ್ಬುವ ಗುಂಡುಕಲ್ಲು. ತೊಟ್ಟಿಲಿಗೆ ಹಾಕುವ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗುವ ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರುತ್ತದೆ. ಕಲ್ಲಿನ ಹಾಗೆ ಗಟ್ಟಿಯಾಗಿರು ಎಂದು ಮಗುವಿಗೆ ಹರಸುವುದು. ದೊಡ್ಡಮ್ಮನ ಮನೆಯ ಮಕ್ಕಳಿಗೆಲ್ಲ ಈ ಕಲ್ಲೇ ಅಣ್ಣ.

“ನಮ್ಮನೇದೇ ಯಾವುದಾದ್ರೂ ಇಟ್ರಾಯ್ತು, ಇಷ್ಟು ಭಾರ ಯಾಕೆ ದೊಡ್ಡಮ್ಮ?” ಎಂದೆ.

“ನಿಮ್ಮನೇಲಿ ಒಳಕಲ್ಲು ಎಲ್ಲೈತೆ? ಮಿಕ್ಸಿ ಮಲಗಿಸ್ತೀರೇನು?”

ಗುಂಡಣ್ಣ ತೊಟ್ಟಿಲೇರಿದ.

ತಿಪಟೂರಿನಿಂದ ಬಂದು ಗುಬ್ಬಿ, ತುಮಕೂರು, ಅದರಾಚೆಯ ಕ್ಯಾತ್ಸಂದ್ರದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸದು. ಕಂಡಕ್ಟರು ತೊಟ್ಟಿಲನ್ನು ಮೇಲಕ್ಕೆ ಹಾಕಿಸಿದರು, ಕಲ್ಲನ್ನು ಹಾಕಿಸಲಿಲ್ಲ. ಬ್ರೇಕು ಹಾಕಿದರೆ ಮುಂದೆ ಹೋಗುವವನ ತಲೆಯ ಮೇಲಿರುತ್ತದೆ ಎಂದರು. ಸರಿಯಾದ ಮಾತೇ. ತೊಟ್ಟಿಲು ಬರಿದಾಗಬಾರದಲ್ಲ ಎಂದು ಬಸ್ ಸ್ಟ್ಯಾಂಡಿನಲ್ಲೇ ಒಂದು ತೆಂಗಿನಕಾಯಿ ಕೊಂಡು, ಹಗ್ಗದಿಂದ ಬಿಗಿದು, ಗುಂಡಣ್ಣನ ಜಾಗದ ಪ್ರಭಾರವನ್ನು ಅದಕ್ಕೆ ವಹಿಸಿದೆ. ಗುಂಡಣ್ಣನನ್ನು ದೊಡ್ಡಮ್ಮ ಕೊಟ್ಟ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡೆ.

ಮಧ್ಯಾಹ್ನದ ಬಿಸಿಲು. ಕಿಟಕಿಯಾಚೆ ತೆಂಗಿನ ತೋಟಗಳು ಒಂದರ ಹಿಂದೊಂದು ತೇಲಿ ಹೋಗುತ್ತಿದ್ದವು. ಬಸ್ಸು ಕುಲುಕಿದಾಗಲೆಲ್ಲ ನನ್ನ ಕೈ ತಾನಾಗಿ ಕಲ್ಲಿನ ತಲೆ ಹಿಡಿಯುತ್ತಿತ್ತು. ಕಲ್ಲಿಗೆ ತಲೆಯಿಲ್ಲ ಎಂದು ಬುದ್ಧಿ ಹೇಳಿದರೂ ಕೈ ಕೇಳಲಿಲ್ಲ. ಬಿಸಿಲಿಗೆ ಅದು ಬೆಚ್ಚಗಾಗಿ, ತೊಡೆಯ ಮೇಲೆ ಉಸಿರಾಡುತ್ತಿರುವಂತೆ ಭಾಸವಾಗಿ, ನನಗೇ ಜೋಂಪು ಹತ್ತಿತು. ಎಚ್ಚರಿಸಿದ್ದು ಪಕ್ಕದ ಹೆಂಗಸಿನ ದನಿ.

“ಏನಪ್ಪಾ, ಮಗಾ ಮುಖದ ಮ್ಯಾಲೆ ಹಿಂಗಾ ಬಟ್ಟೆ ಮುಚ್ಚೋದು? ಉಸಿರು ಕಟ್ಟಾಕಿಲ್ವಾ?”

ನಾನು ಏನೋ ಹೇಳುವುದರೊಳಗೆ ಆಕೆ ಬಟ್ಟೆ ಸರಿಸಿದರು. ನೋಡಿದರು. ಆಮೇಲೆ ಬಸ್ಸಿಗೆಲ್ಲ ಕೇಳುವ ಹಾಗೆ:

“ಅಯ್ಯೋ ನನ್ನಪ್ಪನೇ, ಗುಂಡುಕಲ್ಲು! ಥೇಟ್ ಅಪ್ಪನಂಗೇ ಅವ್ನೆ!”

ಬಸ್ಸು ನಕ್ಕಿತು. ಕಂಡಕ್ಟರು ಬಂದು ಗುಂಡಣ್ಣನನ್ನು ತಟ್ಟಿ ನೋಡಿ, “ಅಳೋದಿಲ್ಲ, ಹಠ ಇಲ್ಲ, ಇಂಥಾ ಮಗ ಸಿಗ್ಬೇಕಾದ್ರೆ ಪುಣ್ಯ ಮಾಡಿರ್ಬೇಕು ಸಾರ್,” ಎಂದರು. ಆ ಹೆಂಗಸಿಗೆ ನಾನು ವಿಷಯ ಹೇಳಿದೆ. ಮನೆಯಲ್ಲಿರುವ ಮಗು ಎಷ್ಟು ಸಣ್ಣದು ಎಂದು ಕೈಯಲ್ಲಿ ತೋರಿಸಿದೆ. ಆಕೆ ನಗುವುದನ್ನು ನಿಲ್ಲಿಸಿ, ಕಲ್ಲಿನ ಮೇಲೆ ಕೈಯಿಟ್ಟು, ಅದೇ ಕೈಯನ್ನು ತಮ್ಮ ಹಣೆಗೆ ಒತ್ತಿಕೊಂಡರು.

ತೊಟ್ಟಿಲೇನೋ ಬಂತು. ಹಾಸಿಗೆ ಬೇಕಿತ್ತು. ಹಾಸಿಗೆ ಅಂಗಡಿಯ ಬಷೀರ್ ಭಾಯ್ ನಮಗೆ ಹಳೇ ಪರಿಚಯ. ಮದುವೆಯ ಹಾಸಿಗೆಗೂ ಅವರದೇ ಹತ್ತಿ. ಮಗುವಿಗೆ ಎಂದ ಕೂಡಲೇ ಖುಷಿಯಾಗಿ ಹೊಸ ಹತ್ತಿ ತುಂಬಿ ಮೋಡದ ತುಂಡಿನಂಥ ಹಾಸಿಗೆ ಹೊಲಿದು ತಾವೇ ತಂದುಕೊಟ್ಟರು. ಬೆರಳಿಟ್ಟರೆ ಬೆರಳು ಮುಳುಗಿತು. ನಾನು ಹಿಂಜರಿಯುತ್ತಾ, ಗಟ್ಟಿ ಬೇಕಿತ್ತು ಎಂದೆ.

“ಗಟ್ಟಿನಾ? ಬಷೀರ್ ಹಾಸಿಗೆ ಗಟ್ಟಿ ಆಯ್ತು ಅಂತ ಬೈದವ್ರು ಬೇಕಾದಷ್ಟು ಜನ ಅವ್ರೆ ಸಾರ್. ಗಟ್ಟಿ ಮಾಡ್ಕೊಡಿ ಅಂತ ಬಂದವ್ರು ನೀವೇ ಮೊದಲು.”

“ಡಾಕ್ಟ್ರು ಹೇಳಿದಾರೆ ಭಾಯ್. ಮೆತ್ತಗಿದ್ರೆ ಮುಖ ಹೂತ್ಕೊಳುತ್ತಂತೆ.”

ಅವರು ಒಂದು ಕ್ಷಣ ಆ ಮೋಡವನ್ನು ನೋಡಿದರು. “ನಮ್ಮ ಮಕ್ಕಳೆಲ್ಲ ಇದ್ರಲ್ಲೇ ಮಲಗಿದ್ವಲ್ಲ ಸಾರ್,” ಎಂದು ಮೆಲ್ಲಗೆ ಗೊಣಗಿ, ಎತ್ತಿಕೊಂಡು ಹೋಗಿ, ಹತ್ತಿ ಕಡಿಮೆ ಮಾಡಿ, ಒತ್ತಾಗಿ ಹೊಲಿಗೆ ಹಾಕಿ, ತೊಟ್ಟಿಲಿನ ತಳಕ್ಕೆ ಸಂದಿಯಿಲ್ಲದಂತೆ ಕೂರುವ ಹಾಸಿಗೆ ತಂದರು. ತೆಗೆದ ಹತ್ತಿಯನ್ನು ಏನು ಮಾಡಿದರೋ ಕೇಳಲಿಲ್ಲ.

ಉಳಿದದ್ದು ಕೊಂಡಿ. ಅವ್ವ ಮನಿಪ್ಲಾಂಟು ಇಳಿಸಿ ತೊಟ್ಟಿಲು ಕಟ್ಟಿಯೇಬಿಟ್ಟಿದ್ದಳು. ಅದರ ಕೆಳಗೆ ನಿಂತು ನೋಡಿದಾಗ ನನಗೆ ಮೋಲ್ಡಿನ ದಿನ ನೆನಪಾಯಿತು. ಒಳಗಿರುವುದು ಫ್ಯಾನಿನ ಕಂಬಿಯೋ, ತೊಟ್ಟಿಲಿನ ಕಂಬಿಯೋ? ಫ್ಯಾನು ಒಂದೇ ಕಡೆ ನೇತಾಡುತ್ತದೆ, ತೊಟ್ಟಿಲು ಎಳೆದು ಎಳೆದು ಜಗ್ಗುತ್ತದೆ. ಮೇಸ್ತ್ರಿ ಊರು ಬಿಟ್ಟಿದ್ದ. ಅಂದರೆ ಸುದ್ದಿಗೆ ಇದ್ದ ಒಂದೇ ಮೂಲವೂ ಕೈಗೆ ಸಿಗುವಂತಿರಲಿಲ್ಲ.

“ನಾನು ಪರೀಕ್ಷೆ ಮಾಡ್ತೀನಿ,” ಎಂದೆ.

ಗುಂಡಣ್ಣನನ್ನು ತೊಟ್ಟಿಲಲ್ಲಿ ಮಲಗಿಸಿದೆ. ಸಾಲದು ಎನಿಸಿತು. ಆಫೀಸಿನಿಂದ ಮಾರಾಟವಾಗದೆ ವಾಪಸ್ಸು ಬಂದ ಪತ್ರಿಕೆಯ ಕಟ್ಟುಗಳನ್ನು ಸ್ಕೂಟರಿನಲ್ಲಿ ಹೇರಿಕೊಂಡು ಬಂದೆ. ನಮ್ಮ ಪತ್ರಿಕೆಯಲ್ಲಿ ಯಾವತ್ತೂ ಕೊರತೆಯಿಲ್ಲದ ಸರಕು ಅದು. ಒಂದೊಂದೇ ಕಟ್ಟನ್ನು ಗುಂಡಣ್ಣನ ಸುತ್ತ ಜೋಡಿಸುತ್ತಿದ್ದಾಗ ಅವ್ವ ಬಂದಳು.

“ಅದೇನ್ಲಾ ಅದು?”

“ತೂಕಕ್ಕೆ ಅವ್ವಾ. ಹಳೇ ಪೇಪರು.”

“ಮಗಾ ಮಲಗೋ ಜಾಗದಾಗೆ ಕೊಲೆ ಸುದ್ದಿ ಇಡ್ತೀಯೇನ್ಲಾ? ಆಕ್ಸಿಡೆಂಟು, ಕಳ್ತನ, ಎಲ್ಲಾ ಐತಲ್ಲೋ ಅದ್ರಾಗೆ! ತೆಗಿ ಆಚೆಗೆ!”

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ನಾನು ಕಟ್ಟುಗಳನ್ನು ಬಿಚ್ಚಿ ಭಾನುವಾರದ ಪುರವಣಿಗಳನ್ನಷ್ಟೇ ಆರಿಸಿದೆ. ಅಡುಗೆ, ಪ್ರವಾಸ, ಮಕ್ಕಳ ಪುಟ. ದೇವರಾಯನದುರ್ಗದ ಬೆಟ್ಟದ ಮೇಲೆ ಮಂಜು ಬಿದ್ದ ಚಿತ್ರವಿದ್ದ ಪುಟವನ್ನು ಅವ್ವ ಕೈಯಲ್ಲಿ ಹಿಡಿದು ನೋಡಿ, “ಇದು ಇರ್ಲಿ,” ಎಂದು ಅನುಮತಿ ಕೊಟ್ಟಳು. ನಾನು ಇಷ್ಟು ವರ್ಷ ಡೆಸ್ಕಿನಲ್ಲಿ ಕೂತಿದ್ದೇನೆ, ಅಷ್ಟು ಕಟ್ಟುನಿಟ್ಟಾದ ಸಂಪಾದಕರನ್ನು ನೋಡಿಲ್ಲ.

ಆ ಮಧ್ಯಾಹ್ನ ಗುಂಡಣ್ಣನನ್ನು ತೂಗಿದೆವು. ಕಿಟಕಿಗೆ ಒದ್ದೆ ಸೀರೆ ಇಳಿಬಿಟ್ಟಿದ್ದೆವು. ಕೋಣೆಯ ಬೆಳಕು ಕೆರೆಯ ತಳದ ಬೆಳಕಿನಂತೆ ಹಸಿರಾಗಿತ್ತು. ಸರಪಳಿ ಕಿರ್ರ್ ಎಂದು ಹೋಗಿ ಕಿರ್ರ್ ಎಂದು ಬರುತ್ತಿತ್ತು. ನನ್ನ ಕಣ್ಣೆಲ್ಲ ಕೊಂಡಿಯ ಬುಡದ ಮೇಲೆ. ಸುಣ್ಣ ಉದುರುತ್ತದೆಯೇ, ಬಿರುಕು ಕಾಣುತ್ತದೆಯೇ? ಏನೂ ಆಗಲಿಲ್ಲ. ಆದರೆ ಬೇರೇನೋ ಆಗುತ್ತಿತ್ತು. ಮೊದಲು ಗಮನಿಸಿದ್ದು ಅವ್ವನ ದನಿ. ಅಡುಗೆಮನೆಯಿಂದ ಕೂಗಿ ಮಾತಾಡುವವಳು ಹತ್ತಿರ ಬಂದು ಪಿಸುಗುಟ್ಟುತ್ತಿದ್ದಳು. ಬಷೀರ್ ಭಾಯ್ ಉಳಿದ ದಾರ ಕೇಳಲು ಬಂದವರು ಬಾಗಿಲಲ್ಲೇ ಚಪ್ಪಲಿ ಸದ್ದಾಗದಂತೆ ಬಿಟ್ಟು, “ಮಲಗಿದಾರಾ?” ಎಂದು ಸನ್ನೆಯಲ್ಲೇ ಕೇಳಿದರು. ನಾನೂ ಹೌದೆಂದು ತಲೆಯಾಡಿಸಿದೆ. ಕಲ್ಲೊಂದು ಮಲಗಿದೆಯೆಂದು ಒಂದು ಮನೆ ಪೂರ್ತಿ ಮೆಲ್ಲಗಾಗಿತ್ತು.

ಗೋಡೆಗೊರಗಿ ಕೂತಿದ್ದ ಗಿರಿಜಳನ್ನು ನೋಡಿದೆ. ತೊಟ್ಟಿಲು ಹೋಗುವ ಕಡೆ ಅವಳ ಕಣ್ಣೂ ಹೋಗುತ್ತಿತ್ತು, ಬರುವಾಗ ಬರುತ್ತಿತ್ತು. ಮಗು ಅವ್ವನ ತೊಡೆಯಲ್ಲಿತ್ತು.

“ಇದು ತಡೀತಿದೆ ಅಲ್ವಾ ರೀ?” ಎಂದಳು.

“ಸದ್ಯದ ಮಾಹಿತಿ ಪ್ರಕಾರ ಹೌದು.”

“ಗುಂಡಣ್ಣ ಎಷ್ಟು ನೆಮ್ಮದಿಯಾಗಿ ಮಲಗಿದಾನೆ ನೋಡಿ. ಇವಳು ಅವನಿಗಿಂತ ಭಾರ ಆಗ್ಲಿ. ಆಮೇಲೆ ನಾನು ನಿದ್ದೆ ಮಾಡ್ತೀನಿ.”

ತಮಾಷೆಗೆ ಹೇಳಿದಂತಿತ್ತು. ತಮಾಷೆಯಲ್ಲ ಎಂದು ನನಗೆ ಗೊತ್ತಾಯಿತು.

ತೊಟ್ಟಿಲಿಗೆ ಹಾಕುವ ದಿನ ದೊಡ್ಡಮ್ಮ ಬಂದರು. ಗುಂಡಣ್ಣನಿಗೆ ಎಣ್ಣೆ ಸ್ನಾನ, ಅರಿಶಿನ, ಕುಂಕುಮ. ತೊಟ್ಟಿಲಿನ ಕೆಳಗಿಂದ ಕೊಟ್ಟು ಮೇಲಿಂದ ತೆಗೆದುಕೊಂಡು ಅವನನ್ನು ಮೊದಲು ತೂಗಿದರು. ಆಮೇಲೆ ಅವನನ್ನು ಎತ್ತಿ ಮಗುವನ್ನು ಮಲಗಿಸಬೇಕು. ಆಗ ಅವ್ವ ಮೂಲೆಯ ಗಂಟನ್ನು ತಂದು ನಡುವೆ ಇಟ್ಟಳು. ರಾಗಿ ದಿಂಬು, ಟೋಪಿ, ಕೌದಿ ಹೊರಬಂದವು. ಗಿರಿಜಳ ಕೈ ಮಗುವನ್ನು ಗಟ್ಟಿಯಾಗಿ ಹಿಡಿಯಿತು.

“ಅತ್ತೆ, ಬೇಡ,” ಎಂದಳು. ಅಷ್ಟೇ.

ಅವ್ವ ಅವಳ ಮುಖವನ್ನು ನೋಡಿದಳು. ಕಣ್ಣ ಕೆಳಗಿನ ಕಪ್ಪನ್ನು ನೋಡಿದಳು. ಕೈಯಲ್ಲಿದ್ದ ದಿಂಬನ್ನು ಎರಡು ಸಲ ತಟ್ಟಿ ರಾಗಿ ಸಮ ಮಾಡಿದಳು.

“ನಿನ್ನ ಮಗೀಗಲ್ಲ ಕಣವ್ವ,” ಎಂದಳು. “ಇವ್ನಿಗೆ. ಹೊಸ ಮಗಾ ಬಂತು ಅಂತ ಇವ್ನನ್ನ ಬರೀ ನೆಲದ ಮೇಲೆ ಹಾಕ್ಬುಡ್ತೀರಾ?”

ಗುಂಡಣ್ಣನಿಗೆ ಕೋಣೆಯಾಚೆ, ಹಿತ್ತಲ ಜಗಲಿಯಲ್ಲಿ ಹಾಸಿಗೆಯಾಯಿತು. ಕೆಳಗೆ ಕೌದಿ, ತಲೆಗೆ ರಾಗಿ ದಿಂಬು, ಅದರ ಮೇಲೆ ಉಣ್ಣೆಯ ಟೋಪಿ, ಕೆನ್ನೆಗೆ ದೃಷ್ಟಿಬೊಟ್ಟು. ಮಗುವಿಗೆ ಸ್ನಾನವಾದ ಮೇಲೆ ಅವ್ವ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಮಗುವಿನ ಕೋಣೆಯ ಬಾಗಿಲು ಮುಚ್ಚಿ, ಹೊರಗೆ ಗುಂಡಣ್ಣನಿಗೆ ಹೊಗೆ ಹಿಡಿಯುತ್ತಿದ್ದಳು. ತನಗೆ ಗೊತ್ತಿದ್ದ ಅಕ್ಕರೆಯ ವಿಧಾನಗಳನ್ನೆಲ್ಲ ಅವಳು ಒಂದೂ ಬಿಡದೆ ನಡೆಸಿದಳು. ಕಲ್ಲು ತಡೆದುಕೊಂಡಿತು. ಒಳಗೆ ಬರಿಯ ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ ಹೊಗೆಯಿಲ್ಲದೆ, ಅಂಗಾತ ಮಲಗಿ ಸಹನಾ ಎರಡೂ ಕೈ ಮೇಲೆತ್ತಿ ಶರಣಾದವಳಂತೆ ನಿದ್ದೆ ಮಾಡುತ್ತಿದ್ದಳು. ಪಕ್ಕದ ಮನೆಯವರು ಜಗಲಿಯ ಹಾಸಿಗೆ ನೋಡಿ, “ಅಜ್ಜಿಗೆ ಹಿರೀ ಮೊಮ್ಮಗನ ಮೇಲೇ ಪ್ರೀತಿ ಜಾಸ್ತಿ,” ಎನ್ನುತ್ತಿದ್ದರು.

ನಾನು ಕೊತ್ತಗೆರೆಯಲ್ಲಿ ಹೇಗೆ ಮಲಗುತ್ತಿದ್ದೆ ಎಂದು ಆ ದಿನಗಳಲ್ಲಿ ಅವ್ವನನ್ನು ಕೇಳಿದ್ದೆ. ಹೊಲದ ಬದುವಿನ ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಅದರಲ್ಲಿ ನನ್ನನ್ನು ಬಿಟ್ಟು ಕಳೆ ಕೀಳುತ್ತಿದ್ದಳಂತೆ. “ಸಾಲಿನ ಕೊನೇಗೆ ಹೋಗೋದು, ತಿರುಗಿ ನೋಡೋದು. ಜೋಲಿ ಆಡ್ತಿದ್ರೆ ಇನ್ನೊಂದು ಸಾಲು. ಆಡ್ಲಿಲ್ಲ ಅಂದ್ರೆ ಕುಡ್ಲು ಎಸೆದು ಓಡಿಬರೋದು. ಓಡಿಬಂದು ನೋಡಿದ್ರೆ ನೀನು ಸುಮ್ಕೆ ನಿದ್ದೆ ಮಾಡ್ತಿದ್ದೆ ಕಣ್ಲಾ, ಕೋತಿ ನನ್ಮಗನೇ.” ನನಗೆ ಆ ಜೋಲಿ ನೆನಪಿದೆಯೇ? ಇರಲು ಸಾಧ್ಯವಿಲ್ಲ. ಆದರೂ ಹೊಂಗೆ ಎಲೆಯ ಸಂದಿಯಿಂದ ಬೆಳಕು ಚೂರುಚೂರಾಗಿ ಬಟ್ಟೆಯ ಮೇಲೆ ಬೀಳುವುದು, ದೂರದಲ್ಲಿ ಒಂದು ಬಳೆಯ ಸದ್ದು ನಿಂತು ಮತ್ತೆ ಶುರುವಾಗುವುದು, ಇವು ಎಲ್ಲಿಂದಲೋ ಬರುತ್ತವೆ. ಖಚಿತಪಡಿಸಲು ಆಗದ ಸುದ್ದಿ. ಹಾಕದೆ ಬಿಡಲೂ ಮನಸ್ಸಿಲ್ಲ.

ಗಿರಿಜ ಮಾತ್ರ ನಿದ್ದೆ ಮಾಡಲಿಲ್ಲ. ಮಾಡಲಿಲ್ಲ ಎಂದರೆ, ತೂಕಡಿಸುತ್ತಿದ್ದಳು. ತೊಟ್ಟಿಲಿನ ಕಿರ್ರ್ ನಿಂತ ಕೂಡಲೇ ಎದ್ದು ಮೂಗಿನ ಕೆಳಗೆ ಬೆರಳಿಡುತ್ತಿದ್ದಳು. ಮಗು ಮೈ ತುಂಬಿಕೊಂಡಿತು, ಕೂತಿತು, ತೊಟ್ಟಿಲು ಬಿಟ್ಟು ನೆಲಕ್ಕಿಳಿದು ಓಡಾಡಿತು. ಓಡಾಡುವ ಮಗುವಿನ ಮೂಗಿಗೂ ನಿದ್ದೆಯಲ್ಲಿ ಬೆರಳು ಬರುವುದು ತಪ್ಪಲಿಲ್ಲ. ಡಾಕ್ಟರಮ್ಮ ಪ್ರತಿ ಸಲ ತೂಗಿ ನೋಡಿ ಚೆನ್ನಾಗಿದೆ ಎನ್ನುತ್ತಿದ್ದರು. ಅದು ಗಿರಿಜಳ ತಲೆಗೆ ಹೋಗುತ್ತಿತ್ತು, ಬೆರಳಿಗೆ ಹೋಗುತ್ತಿರಲಿಲ್ಲ.

ಒಮ್ಮೆ ನಾನು, ಬಷೀರ್ ಭಾಯ್ ಅಂಗಡಿಯ ಹತ್ತಿ ತಕ್ಕಡಿಯಲ್ಲಿ ಗುಂಡಣ್ಣನನ್ನು ತೂಗಿಸಿಕೊಂಡು ಬರಲೇ ಎಂದು ಕೇಳಿದೆ. ಅಂಕಿ ಸಿಕ್ಕರೆ ಪ್ರಶ್ನೆ ಮುಗಿಯಿತಲ್ಲ ಎಂಬುದು ನನ್ನ ಲೆಕ್ಕ. ಗಿರಿಜ ಬೇಡವೆಂದಳು. ಅವ್ವ ಬೈದಳು. ಮಕ್ಕಳ ತೂಕ ಮಾತಾಡಬಾರದಂತೆ, ಕಲ್ಲಿನ ಜೊತೆ ಹೋಲಿಸಲೇಬಾರದಂತೆ. ಆದ್ದರಿಂದ ಗುಂಡಣ್ಣನ ತೂಕ ಎಷ್ಟೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೈಗೆ ಸಿಗುತ್ತಿದ್ದರೂ ಬೇಕೆಂದೇ ಕೇಳದೆ ಬಿಟ್ಟ ಅಂಕಿ ಅದೊಂದೇ.

ಆಮೇಲೆ ದೊಡ್ಡಮ್ಮನ ಸೊಸೆಗೆ ದಿನ ತುಂಬುತ್ತಾ ಬಂತು. ತೊಟ್ಟಿಲು ಗುಬ್ಬಿಗೆ ಮರಳಬೇಕಾಯಿತು. ಬರಿದಾಗಿ ಹೋಗುವಂತಿಲ್ಲವಾದ್ದರಿಂದ ಗುಂಡಣ್ಣನೂ ಹೊರಟ. ಅವ್ವ ಅವನ ಟೋಪಿ ತೆಗೆಯಲಿಲ್ಲ. ಸಹನಾ, “ಗುಂಡಣ್ಣ ಟಾಟಾ ಹೋಗ್ತಾನೆ,” ಎಂದು ಅವನ ಪಕ್ಕದಲ್ಲೇ ಆಟೋ ಹತ್ತಿದಳು.

ಗುಬ್ಬಿಯ ಅಂಗಳದಲ್ಲಿ ದೊಡ್ಡಮ್ಮ ತೊಟ್ಟಿಲನ್ನು ಒಳಗೆ ತೆಗೆದುಕೊಂಡರು. ಗುಂಡಣ್ಣ ಕಟ್ಟೆಯ ಮೇಲಿದ್ದ. ಹೊರಡುವ ಹೊತ್ತಿಗೆ ಗಿರಿಜ ಅವನ ಹತ್ತಿರ ಹೋಗಿ ನಿಂತಳು. ಟೋಪಿ ತೆಗೆದಳು. ಎರಡೂ ಕೈಯಲ್ಲಿ ಅವನನ್ನು ಎದೆಯ ಮಟ್ಟಕ್ಕೆ ಎತ್ತಿ, ಸ್ವಲ್ಪ ಹೊತ್ತು ಹಿಡಿದು, ಇಳಿಸಿದಳು. ಕಾಲ ಬಳಿ ಮಣ್ಣು ಕೆದಕುತ್ತಿದ್ದ ಸಹನಾಳನ್ನು ಹಾಗೇ ಎತ್ತಿ, ಅಷ್ಟೇ ಹೊತ್ತು ಹಿಡಿದು, ಇಳಿಸಿದಳು. ಮತ್ತೆ ಗುಂಡಣ್ಣ. ಮತ್ತೆ ಸಹನಾ. ಮಗು ಆಟವೆಂದು ಕೇಕೆ ಹಾಕಿ ನಕ್ಕಿತು.

“ಏನೇ ಅದು, ಗಿರಿಜ?” ಎಂದರು ದೊಡ್ಡಮ್ಮ ಬಾಗಿಲಿಂದ.

ಗಿರಿಜ ಬಗ್ಗಿ, ಕಲ್ಲಿನ ನೆತ್ತಿಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು:

“ನೀನು ಸೋತೆ ಕಣೋ ಗುಂಡಣ್ಣ.”

ನನ್ನ ಕಡೆ ತಿರುಗಿದಳು. ನಾನೂ ಹೋಗಿ ಒಂದು ಸಲ ಅವನನ್ನು, ಒಂದು ಸಲ ಮಗಳನ್ನು ಎತ್ತಿ ನೋಡಿದೆ. ಎರಡು ಮೂಲಗಳಿಂದ ಖಚಿತವಾಯಿತು.

ವಾಪಸ್ಸು ಬರುವಾಗ ಅದೇ ಮಧ್ಯಾ‌ಹ್ನದ ಬಸ್ಸು. ಕಂಡಕ್ಟರೂ ಅವರೇ. ನನ್ನನ್ನು ಗುರುತಿಸಿ ನಿಂತರು.

“ಎಲ್ಲಿ ಸಾರ್ ನಿಮ್ಮ ಮಗ?”

“ಗುಬ್ಬೀಲಿ ಬಿಟ್ಟು ಬಂದ್ವಿ.”

“ಇದ್ಯಾರು?”

“ಅವನ ತಂಗಿ.”

ಅವರು ನನ್ನ ತೊಡೆಯ ಮೇಲೆ ಕಾಲು ಚಾಚಿ ಮಲಗಿದ್ದ ಸಹನಾಳ ಕೆನ್ನೆ ಚಿವುಟಿ, “ಇದೂ ಗುಂಡುಕಲ್ಲೇ ಬಿಡಿ ಸಾರ್,” ಎಂದು ತುಮಕೂರಿಗೆ ಮೂರು ಟಿಕೆಟು ಹರಿಯಲು ಹೋಗಿ, ಮಗುವನ್ನು ಇನ್ನೊಮ್ಮೆ ನೋಡಿ, ಎರಡೇ ಹರಿದುಕೊಟ್ಟರು.

ತೋಟಗಳು ತೇಲಿ ಹೋದವು. ಎಷ್ಟೋ ಹೊತ್ತಿನ ಮೇಲೆ ನನ್ನ ಹೆಗಲ ಮೇಲೆ ಏನೋ ಭಾರವಾಯಿತು. ಗಿರಿಜಳ ತಲೆ. ಮೊದಲು ತೂಕಡಿಕೆ ಎಂದುಕೊಂಡೆ. ಬಸ್ಸು ಗುಂಡಿಗೆ ಬಿದ್ದು ಎದ್ದಿತು, ಅವಳು ಏಳಲಿಲ್ಲ. ಮಗು ಕನವರಿಸಿತು, ಅವಳ ಬೆರಳು ಬರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಕೈಯಲ್ಲಿ ಉಣ್ಣೆಯ ಟೋಪಿ ಹಾಗೇ ಇತ್ತು. ನಾನು ಯಾಕೋ ನನ್ನ ಬೆರಳನ್ನು ಅವಳ ಮೂಗಿನ ಕೆಳಗೆ ಹಿಡಿದು ನೋಡಿದೆ. ಬೆಚ್ಚಗೆ ಬಂದು ಹೋಗುತ್ತಿತ್ತು.

ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಜನ ಇಳಿದರು, ಜನ ಹತ್ತಿದರು. ಕಂಡಕ್ಟರು ನಮ್ಮ ಸೀಟಿನ ಹತ್ತಿರ ಬಂದರು.

“ಸಾರ್, ತುಮಕೂರು ಬಂತು. ಇಳಿಯಲ್ವಾ?”

ನಾನು ಹೆಗಲು ಅಲುಗಿಸದೆ ಒಂದೇ ಕೈಯಲ್ಲಿ ಚಿಲ್ಲರೆ ತೆಗೆದು, ಪಿಸುಮಾತಿನಲ್ಲಿ ಹೇಳಿದೆ:

“ಕ್ಯಾತ್ಸಂದ್ರಕ್ಕೆ ಎರಡು ಕೊಡಿ.”